ನಾಲ್ಕನೇ ಲೈನಿನ ರಾಜಭೋಜನ

ಯುರೋಪಿನ ಅರಮನೆಗಳಲ್ಲಿ ಏನು ನಡೆಯುತ್ತಿದೆ ಎಂದು ಯಾರಿಗಾದರೂ ತಿಳಿಯಬೇಕಾಗಿದ್ದರೆ ಅವರು ವಿಮಾನ ಹತ್ತಬೇಕಾಗಿಲ್ಲ. ಬಂಗಾರಪೇಟೆಯಲ್ಲಿ ರೈಲು ಇಳಿದು, ಕೆಜಿಎಫ್ ಬಸ್ಸು ಹಿಡಿದು, ಮೈಸೂರು ಮೈನ್ಸಿಗೆ ಬಂದು, ನಾಲ್ಕನೇ ಲೈನಿನ ಎಡಗಡೆ ಏಳನೇ ಮನೆಯ ಬಾಗಿಲು ತಟ್ಟಿದರೆ ಸಾಕು. ಬಾಗಿಲು ತೆಗೆಯುವವಳು ನಮ್ಮ ಅಕ್ಕ ಅಶ್ವತ್ಥಮ್ಮ. ಒಳಗೆ ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತು, ಯಾವ ದೇಶದ ರಾಣಿ ಯಾವ ಸೊಸೆಯ ಜೊತೆ ಮಾತು ಬಿಟ್ಟಿದ್ದಾಳೆ ಎಂದು ನಿಮಗೆ ಕಾಫಿ ಬರುವುದರೊಳಗೆ ಹೇಳಿ ಮುಗಿಸುವವರು ನಮ್ಮ ಭಾವ ಜಯರಾಮಪ್ಪನವರು.

ಲೈನು ಎಂದರೆ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಕೆಲಸಗಾರರಿಗೆಂದು ಕಟ್ಟಿಸಿದ ಸಾಲುಮನೆ. ಒಂದು ಕೋಣೆ, ಒಂದು ಪಡಸಾಲೆ, ಹಿಂದೆ ಅಡುಗೆಗೆ ತಗಡಿನ ಮಾಡು. ಭಾವ ಆ ಗಣಿಯಲ್ಲಿ ಶಾಫ್ಟ್ ಎಂಬ ಇಳಿಬಾವಿಯ ಬಾಯಿಯ ಹತ್ತಿರ ನಿಂತು ಗಂಟೆ ಹೊಡೆಯುವ ಕೆಲಸದಲ್ಲಿದ್ದರು. ಸಣ್ಣ ಕೆಲಸ ಎಂದುಕೊಳ್ಳಬೇಡಿ. ಪಾತಾಳಕ್ಕೆ ಆಳುಗಳನ್ನು ಇಳಿಸುವ ಕೇಜು ಎಂಬ ಕಬ್ಬಿಣದ ಪಂಜರ ಅವರ ಗಂಟೆಯಿಲ್ಲದೆ ಅಲುಗಾಡುತ್ತಿರಲಿಲ್ಲ. ಒಂದು ಹೊಡೆದರೆ ನಿಲ್ಲಿಸು. ಎರಡು ಹೊಡೆದರೆ ಇಳಿಸು. ಮೂರು ಹೊಡೆದರೆ ಒಳಗೆ ಮನುಷ್ಯರಿದ್ದಾರೆ, ಜೋಪಾನ. ಈ ಮೂರು ಮಾತಿನ ಮೇಲೆ ಸಾವಿರಾರು ಜನ ಬೆಳಿಗ್ಗೆ ಕೆಳಗೆ ಹೋಗಿ ಸಾಯಂಕಾಲ ಮೇಲೆ ಬಂದಿದ್ದಾರೆ.

ಗಣಿ ಮುಚ್ಚಿದಾಗ ಆ ಗಂಟೆಯೂ ಭಾವನ ಮನೆಗೆ ಬಂತು. ನೆನಪಿಗೆಂದು ಕೊಟ್ಟರು ಎನ್ನುತ್ತಾರೆ ಭಾವ. ಇವರೇ ಎತ್ತಿಕೊಂಡು ಬಂದರು ಎನ್ನುತ್ತಾಳೆ ಅಕ್ಕ. ಇಪ್ಪತ್ತು ವರ್ಷ ದಾಟಿದರೂ ಈ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಗಂಟೆ ಮಾತ್ರ ಟಿವಿಯ ಪಕ್ಕದ ಮೊಳೆಯಲ್ಲಿ ನೇತಾಡಿಕೊಂಡಿದೆ.

ಟಿವಿಯ ವಿಷಯಕ್ಕೆ ಬಂದರೆ, ಸಾಯಂಕಾಲ ಏಳರಿಂದ ಒಂಬತ್ತೂವರೆವರೆಗೆ ಅದು ಅಕ್ಕನ ಧಾರಾವಾಹಿಗಳ ವಶ. ಮಿಕ್ಕ ಹೊತ್ತಿನಲ್ಲಿ ಭಾವನದು. ಯೂಟ್ಯೂಬಿನಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಗುಡುಗಿನಂಥ ದನಿಯಲ್ಲಿ ಅರಮನೆಗಳ ಕಥೆ ಹೇಳುತ್ತಾನೆ. ‘ರಾಣಿಯ ಕೈಚೀಲದಲ್ಲಿ ಏನಿರುತ್ತೆ ಗೊತ್ತಾ ವೀಕ್ಷಕರೇ?’ ಎಂದು ಕೇಳಿ, ಹನ್ನೆರಡು ನಿಮಿಷ ಸತಾಯಿಸಿ, ಕೊನೆಗೆ ಕರವಸ್ತ್ರ ಎನ್ನುತ್ತಾನೆ. ಭಾವ ಹನ್ನೆರಡು ನಿಮಿಷವೂ ಕಣ್ಣು ಮಿಟುಕಿಸದೆ ನೋಡುತ್ತಾರೆ. ಒಮ್ಮೆ ನಾನು, ಆ ರಾಜರಾಣಿಯರೆಲ್ಲ ನಮಗೆ ಏನಾಗಬೇಕು ಭಾವ ಎಂದು ಕೇಳಿದ್ದಕ್ಕೆ ಅವರಿಗೆ ಬಹಳ ಬೇಜಾರಾಯಿತು.

“ನಮ್ಗೆ ಏನೂ ಆಗ್ಬೇಕಾಗಿಲ್ಲ ಕಣ್ಲಾ ರವಿ. ಅವ್ರವ್ರೇ ಬೀಗ್ರು. ನಾರ್ವೆಯೋರ್ಗೆ ಸ್ವೀಡನ್ನಿಂದ ಎಣ್ಣು ತಂದೌರೆ. ಡೆನ್ಮಾರ್ಕ್ನೋರು ಇಂಗ್ಲೆಂಡ್ಗೆ ಕೊಟ್ಟೌರೆ. ಎಲ್ಲಾ ಒಳಗೊಳಗೇ ಕೊಟ್ಟು ತಂದಿರೋದು, ಥೇಟ್ ನಮ್ಮ ಬೇತಮಂಗಲದ ಕಡೆ ಸೋದರತ್ತೆ ಮಕ್ಳಿದ್ದಂಗೆ. ಬೀಗಸ್ತನ ಅಂದ್ರೆ ಏನು ಅಂತ ಅವ್ರನ್ನ ನೋಡಿ ಕಲೀಬೇಕು.”

ಹೀಗೆ ಕಲಿತದ್ದನ್ನು ಪ್ರಯೋಗ ಮಾಡುವ ಸಂದರ್ಭ ಬಾರದೆ ಇದ್ದಿದ್ದರೆ ನಾನು ನನ್ನ ಪಾಡಿಗೆ ಬಂಗಾರಪೇಟೆಯಲ್ಲಿ ಝೆರಾಕ್ಸ್ ಅಂಗಡಿ ನಡೆಸಿಕೊಂಡು ಮರ್ಯಾದೆಯಾಗಿ ಇರುತ್ತಿದ್ದೆ. ಆದರೆ ಭಾವನ ಮಗಳು ಚಂದನಳ ಮದುವೆ ಗೊತ್ತಾಯಿತು. ಗಂಡು ಕಾಮಸಮುದ್ರದ ಅಂಬರೀಶ್. ರೇಷ್ಮೆ, ಟೊಮೆಟೊ, ಎರಡು ಕೊಳವೆಬಾವಿ. ಹುಡುಗ ಮಾತು ಕಮ್ಮಿ, ಚಿನ್ನದಂಥವನು. ಅಪ್ಪ ಇಲ್ಲದ ಆ ಹುಡುಗನನ್ನು ಸಾಕಿದವರು ದೊಡ್ಡಪ್ಪ ಕದಿರಪ್ಪನವರು. ಮಾತೆಲ್ಲ ಅವರ ಪಾಲಿಗೆ ಬಂದಿತ್ತು.

ಮದುವೆ ಬಂಗಾರಪೇಟೆಯ ಕಲ್ಯಾಣ ಮಂಟಪದಲ್ಲಿ ಆಯಿತು. ಮೈನ್ಸಿನ ನಮ್ಮ ಜನ ಒಟ್ಟಿಗೆ ಬಂದರು, ಒಟ್ಟಿಗೆ ಒಂದೇ ಪಂಕ್ತಿಯಲ್ಲಿ ಕುಳಿತರು, ಚಕಚಕನೆ ಉಂಡು ಒಟ್ಟಿಗೆ ಎದ್ದರು. ಶಿಫ್ಟಿಗೆ ಹೋಗಿ ಬಂದ ಮೈ, ಅವರ ಅಭ್ಯಾಸವೇ ಹಾಗೆ. ಕದಿರಪ್ಪನವರು ಅದನ್ನು ನೋಡಿ, ಇಡೀ ಊಟದ ಹಾಲಿಗೆ ಕೇಳಿಸುವಂತೆ ಒಂದು ಮಾತು ಎಸೆದರು.

“ನೋಡ್ರಲಾ ಮೈನ್ಸ್ನೋರ್ನ! ಗಂಟೆ ಒಡೆದಂಗೆ ಕೂತ್ರು, ಗಂಟೆ ಒಡೆದಂಗೆ ಎದ್ರು. ಮರ್ವಾದೆ ಅನ್ನೋದು ನೆಲದ ಮೇಲೆ ಬದುಕಿದೋರ್ಗೆ ಇರ್ತದೆ. ಬಿಲದಾಗೆ ಇದ್ದೋರ್ಗೆ ಎಲ್ಲಿಂದ ಬತ್ತದೆ?”

ಅವರ ಕಡೆಯವರು ನಕ್ಕರು. ಭಾವ ಅಲ್ಲೇ ನಾಲ್ಕು ಮಾರು ದೂರದಲ್ಲಿ ತಾಂಬೂಲದ ತಟ್ಟೆ ಹಿಡಿದು ನಿಂತಿದ್ದರು. ತಟ್ಟೆಯಿಂದ ಒಂದು ಅಡಿಕೆಯೂ ಬೀಳಲಿಲ್ಲ, ಆದರೆ ಮುಖ ಕಪ್ಪಿಟ್ಟಿತು. ಅರಿಶಿನದ ಕೈಯಲ್ಲಿ ಗಂಡನ ಪಕ್ಕ ನಿಂತಿದ್ದ ಚಂದನಳಿಗೂ ಅದು ಕೇಳಿಸಿತ್ತು. ಅವಳು ಅಪ್ಪನ ಕಡೆ ನೋಡಿ ತಲೆ ತಗ್ಗಿಸಿದಳು. ಅಪ್ಪನಿಗೆ ಆ ಮಾತಿಗಿಂತ ಮಗಳು ತಲೆ ತಗ್ಗಿಸಿದ್ದೇ ಹೆಚ್ಚು ಚುಚ್ಚಿತು ಎಂದು ನನಗೆ ಗೊತ್ತು.

ಮುಂದಿನ ಭಾನುವಾರ ಬೀಗರೂಟ. ಹೆಣ್ಣಿನ ಮನೆಯವರು ಗಂಡಿನ ಕಡೆಯವರನ್ನು ಕರೆದು ಬಾಡೂಟ ಹಾಕಿಸುವ ದಿನ ಅದು. ನಮ್ಮ ಕಡೆ ಮದುವೆಯಲ್ಲಿ ತಾಳಿ ಒಂದು ಗಳಿಗೆ ತಡವಾದರೂ ಜನ ಮರೆಯುತ್ತಾರೆ. ಬೀಗರೂಟದಲ್ಲಿ ಮೂಳೆ ಕಮ್ಮಿ ಬಿದ್ದರೆ ಮೊಮ್ಮಕ್ಕಳ ಮದುವೆಯಲ್ಲೂ ಎತ್ತಿ ಆಡುತ್ತಾರೆ. ಎಲೆಯ ಮುಂದಿನಿಂದ ಬೀಗ ಅರ್ಧಕ್ಕೆ ಎದ್ದನೆಂದರೆ ಸಂಬಂಧವೇ ಅರ್ಧಕ್ಕೆ ನಿಂತ ಹಾಗೆ. ಅಕ್ಕನಿಗೆ ಬೇಕಾಗಿದ್ದದ್ದು ಒಂದೇ: ಕದಿರಪ್ಪನವರು ಹೊಟ್ಟೆ ತುಂಬ ಉಂಡು, ತೇಗಿ, ಬಾಯಿ ಮುಚ್ಚಿಕೊಂಡು ಏಳಬೇಕು. ಮಗಳು ಆ ಮನೆಯಲ್ಲಿ ತಲೆಯೆತ್ತಿ ಓಡಾಡಬೇಕು.

ಭಾವನಿಗೆ ಅಷ್ಟು ಸಾಲದಾಯಿತು.

ಗುರುವಾರ ನನಗೆ ಫೋನು ಬಂತು. ತುರ್ತಾಗಿ ಬರಬೇಕಂತೆ. ಹೋದರೆ ಭಾವ ಟಿವಿಯನ್ನು ಅರ್ಧಕ್ಕೆ ನಿಲ್ಲಿಸಿ ಕುಳಿತಿದ್ದರು. ತೆರೆಯ ಮೇಲೆ ಒಂದು ಉದ್ದನೆಯ ಮೇಜು, ನೂರು ಮೇಣದ ಬತ್ತಿ, ಕೊನೆಯೇ ಕಾಣದಷ್ಟು ಚಮಚ.

“ರವಿ, ಇದು ಪ್ರೋಟೋಕಾಲು” ಎಂದರು ಭಾವ, ದೇವರ ಪಟ ತೋರಿಸುವ ಹಾಗೆ. “ರಾಜ ಉಣ್ಣಾಕೆ ಶುರು ಮಾಡೋವರ್ಗೂ ಯಾರೂ ಮುಟ್ಟಂಗಿಲ್ಲ. ರಾಜ ಚಮಚ ಕೆಳಗಿಟ್ಟ ಅಂದ್ರೆ ಎಲ್ರೂ ನಿಲ್ಲಿಸ್ಬೇಕು. ಬಲಗಡೆಯೋರ ಜೊತೆ ಒಂದು ಐಟಂ ಮುಗಿಯೋವರ್ಗೂ ಮಾತು, ಆಮೇಲೆ ಎಡಗಡೆಯೋರ ಜೊತೆ. ನಾವೂ ಅಂಗೇ ಮಾಡ್ತೀವಿ. ಮೊದಲ್ನೇ ಮುದ್ದೆ ಬಲಗಡೆ, ಎರಡ್ನೇ ಮುದ್ದೆ ಎಡಗಡೆ.”

“ಮೂರನೇ ಮುದ್ದೆ ಉಣ್ಣೋರು?” ಎಂದೆ.

ಭಾವ ಸ್ವಲ್ಪ ಯೋಚಿಸಿದರು. ಯುರೋಪಿನಲ್ಲಿ ಈ ಪ್ರಶ್ನೆ ಎದ್ದಂತೆ ಕಾಣಲಿಲ್ಲ. “ಮೂರನೇದ್ಕೆ ಮೌನ” ಎಂದು ತೀರ್ಪು ಕೊಟ್ಟರು.

ಇಡೀ ಯೋಜನೆ ಹೀಗಿತ್ತು. ಮನೆ ಮುಂದೆ ಲೈನಿನ ಉದ್ದಕ್ಕೂ ಶಾಮಿಯಾನ. ಸಾಲಿನಲ್ಲಿ ಒಬ್ಬ ಬೀಗ, ಒಬ್ಬ ಮೈನ್ಸಿನವ, ಮತ್ತೆ ಒಬ್ಬ ಬೀಗ; ಆಗ ಎರಡು ಕಡೆಗೂ ಮಾತಾಡಲು ಹೊಸ ಮುಖ ಸಿಗುತ್ತದೆ. ತಲೆಯ ಜಾಗದಲ್ಲಿ ಭಾವ, ಕೈಯಲ್ಲಿ ಒಂದು ಸ್ಟೀಲ್ ಚಮಚ. ಅವರ ಹಿಂದೆ ಗಂಟೆಯ ಜೊತೆ ನಾನು, ಬಟ್ಲರ್ ಎಂಬ ಬಿರುದಿನಲ್ಲಿ. ಎರಡು ಹೊಡೆದರೆ ಊಟ ಶುರು. ಭಾವ ಚಮಚ ಕೆಳಗಿಟ್ಟಾಗ ಒಂದು; ಎಲ್ಲರೂ ಒಟ್ಟಿಗೆ ಎದ್ದು ಕೈ ತೊಳೆಯುವುದು.

“ನೀವು ಬೇಗ ಚಮಚ ಇಟ್ಟುಬಿಟ್ರೆ ಬೀಗ್ರ ಗತಿ ಏನು ಭಾವ?”

“ಅದೇ ಕಣ್ಲಾ ದೊಡ್ಡಸ್ತಿಕೆ. ಕೊನೇ ಬೀಗ ತೇಗೋವರ್ಗೂ ಚಮಚ ನನ್ ಕೈಯಾಗೇ ಇರ್ತದೆ. ಕದಿರಪ್ಪ ನೋಡ್ಲಿ. ಗಂಟೆ ಒಡೆದಂಗೆ ಉಣ್ಣೋದು ಅಂದ್ರೆ ಬಿಲದೋರ ಕೆಲ್ಸ ಅಲ್ಲ, ಅರಮನೆಯೋರ ಕೆಲ್ಸ ಅಂತ ಗೊತ್ತಾಗ್ಲಿ.”

ಅಕ್ಕ ಒಳಗಿನಿಂದ ಮಸಾಲೆ ಹುರಿಯುತ್ತಲೇ ಹೇಳಿದಳು. “ರೀ, ನೀವು ಗಂಟೆ ಒಡ್ಕಳ್ಳಿ, ಶಂಖ ಊದ್ಕಳ್ಳಿ. ಆ ಕದಿರಪ್ಪಣ್ಣನ ಎಲೆ ಅರ್ಧಕ್ಕೆ ಬಿತ್ತೋ, ನಿಮ್ ಟಿವಿ ಬಾವಿಗೆ ಬೀಳ್ತದೆ.”

ಆ ದಿನದಿಂದ ಭಾವ ತಾಲೀಮು ಶುರು ಮಾಡಿದರು. ಮುದ್ದೆಯನ್ನು ಚಮಚದಲ್ಲಿ ಉಣ್ಣುವುದು ಮನುಷ್ಯನಿಂದ ಆಗುವ ಕೆಲಸವಲ್ಲ. ಶುಕ್ರವಾರ ಚಮಚ ಮುದ್ದೆಯಲ್ಲಿ ಸಿಕ್ಕಿಕೊಂಡಿತು. ಶನಿವಾರ ಮುದ್ದೆ ಚಮಚದಿಂದ ಹಾರಿ ಪಕ್ಕದ ಮನೆ ಮುನಿರಾಜಣ್ಣನ ಅಂಗಳಕ್ಕೆ ಹೋಯಿತು. ಕೊನೆಗೆ ಚಮಚ ಸಾರಿಗೆ ಮಾತ್ರ, ಮುದ್ದೆಗೆ ಕೈ ಎಂದು ಸಂವಿಧಾನ ತಿದ್ದುಪಡಿಯಾಯಿತು.

ಭಾನುವಾರ ಹನ್ನೆರಡು ಗಂಟೆಗೆ ಕಾಮಸಮುದ್ರದ ಬಸ್ಸು ಲೈನಿನ ತಲೆಗೆ ಬಂದು ನಿಂತಿತು. ಮೊದಲು ಕದಿರಪ್ಪನವರು ಇಳಿದರು. ಬಿಳೀ ಪಂಚೆ, ಹೆಗಲ ಮೇಲೆ ಜರಿ ಶಲ್ಯ, ತಪ್ಪು ಹುಡುಕುವ ಕಣ್ಣು. ಆಮೇಲೆ ಗಂಡು ಹೆಣ್ಣು. ಕೊನೆಯಲ್ಲಿ ಕದಿರಪ್ಪನವರ ತಾಯಿ ಅಮ್ಮಾಜಮ್ಮ. ಎಂಬತ್ತೈದು ದಾಟಿದ ಜೀವ, ಮದುವೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಆಡಲು ಮಗ ಬಿಟ್ಟಿರಲಿಲ್ಲ. ಆಕೆ ಕೋಲೂರಿಕೊಂಡು ನಿಂತು, ಕಣ್ಣಿಗೆ ಕೈ ಅಡ್ಡ ಇಟ್ಟು, ಸಾಲುಮನೆಗಳನ್ನು ಬೆರಳಲ್ಲಿ ಎಣಿಸುತ್ತಿದ್ದರು.

“ನಡಿಯಮ್ಮ, ಈ ಗೂಡುಗಳ್ನ ಏನ್ ನೋಡ್ತಾ ನಿಂತ್ಕಂಡೆ” ಎಂದು ಕದಿರಪ್ಪನವರು ಗದರಿದರು. ಮುದುಕಿ ಬಂದು, ಅಕ್ಕನ ಮನೆಯ ಬಾಗಿಲುವಾಡವನ್ನು ಒಮ್ಮೆ ಕೈಯಿಂದ ಸವರಿ, ಶಾಮಿಯಾನದ ಕೆಳಗೆ ಹೋಗಿ ಕುಳಿತರು.

ಎಲೆ ಬಿತ್ತು. ಉಪ್ಪು, ಈರುಳ್ಳಿ, ನಿಂಬೆಹಣ್ಣು ಬಿತ್ತು. ಬೋಟಿ ಗೊಜ್ಜು, ಕೈಮ ಉಂಡೆ, ಆಮೇಲೆ ಹೊಗೆಯಾಡುವ ಮುದ್ದೆ, ಅದರ ಪಕ್ಕಕ್ಕೆ ಬಾಡಿನ ಸಾರು. ಅಕ್ಕ ಕದಿರಪ್ಪನವರ ಎಲೆಗೆ ತಾನೇ ನಿಂತು, ಹುಡುಕಿ ಹುಡುಕಿ, ಮಜ್ಜೆ ತುಂಬಿದ ನಲ್ಲಿಮೂಳೆ ಎರಡು ಹಾಕಿದಳು. ಅವರ ಬಲಕ್ಕೆ ಮುನಿರಾಜಣ್ಣ ಕುಳಿತಿದ್ದ. ಎಡಕ್ಕೆ ನಮ್ಮ ಕಡೆಯ ಸಾಯಿಕುಮಾರ್, ರಿಟೈರಾದ ಹೆಲ್ತ್ ಇನ್ಸ್‌ಪೆಕ್ಟರು. ಎದುರು ಸಾಲಿನಲ್ಲಿ ಅಮ್ಮಾಜಮ್ಮ. ಎಲ್ಲರೂ ಕೈ ಇಡಲು ಹೊರಟಾಗ ಭಾವ ಚಮಚ ಎತ್ತಿ ನನ್ನ ಕಡೆ ನೋಡಿದರು. ನಾನು ಎರಡು ಹೊಡೆದೆ.

ಠಣ್, ಠಣ್.

ಮೂವತ್ತು ಜನ ಮೈನ್ಸಿನವರ ಕೈ ಒಂದೇ ಸಲಕ್ಕೆ ಮುದ್ದೆಗೆ ಇಳಿಯಿತು. ಗಣಿ ಮುಚ್ಚಿ ಎಷ್ಟು ವರ್ಷವಾದರೇನು, ಆ ಶಬ್ದ ಕಿವಿಯಿಂದ ಮಿದುಳಿಗೆ ಹೋಗದೆ ನೇರ ಕೈಗೇ ಹೋಗುತ್ತದೆ. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಏನ್ ಬೀಗ್ರೇ, ಗುಡಿಯಾಗೆ ಮಂಗಳಾರತಿ ಇದ್ದಂಗೈತೆ” ಎಂದರು ಕದಿರಪ್ಪನವರು. ಆದರೂ ಮುದ್ದೆ ಮುರಿದರು. ಸಾರು ಬಾಯಿಗೆ ಹೋದ ಮೇಲೆ ಅವರ ಮುಖ ಒಂದು ಸುತ್ತು ಸಡಿಲಾಯಿತು. ಅಕ್ಕ ಒಲೆಯ ಹತ್ತಿರದಿಂದಲೇ ಅದನ್ನು ಕಂಡು ಸೆರಗಿನಿಂದ ಹಣೆ ಒರೆಸಿಕೊಂಡಳು.

ಎಲ್ಲ ಸರಿಯಾಗಿ ನಡೆಯುತ್ತಿತ್ತು. ಬಲಗಡೆ ಮಾತು ಚೆನ್ನಾಗಿ ಸಾಗಿತ್ತು. ಕದಿರಪ್ಪನವರು ಮುನಿರಾಜಣ್ಣನಿಗೆ ಟೊಮೆಟೊ ದರ ಹೇಳುತ್ತಿದ್ದರು. ಮೊದಲ ನಲ್ಲಿಮೂಳೆ ಕೈಗೆತ್ತಿಕೊಂಡು, ತುಟಿಗಿಟ್ಟು, ಒಮ್ಮೆ ಜೋರಾಗಿ ಹೀರಲು ಉಸಿರು ಎಳೆದುಕೊಂಡಿದ್ದರು. ಆಗಲೇ ಯುರೋಪಿನ ಇತಿಹಾಸದಲ್ಲಿ ದಾಖಲಾಗದ ಘಟನೆ ನಡೆದದ್ದು. ಸಾರಿನ ಕೊಬ್ಬು ಹತ್ತಿ ಜಾರುತ್ತಿದ್ದ ಚಮಚ ಭಾವನ ಕೈಯಿಂದ ಕಳಚಿ ಎಲೆಯ ಮೇಲೆ ಬಿತ್ತು.

ಭಾವ ಗಾಬರಿಯಲ್ಲಿ ನನ್ನ ಕಡೆ ತಿರುಗಿ ಕೈ ಆಡಿಸಿದರು. ಬೇಡ ಎಂದು ಆಡಿಸಿದ್ದೆ ಎಂದು ಅವರು ಇವತ್ತಿಗೂ ಹೇಳುತ್ತಾರೆ. ನನಗೆ ಅದು ಹೊಡಿ ಎಂದು ಕಂಡಿತು. ಬಟ್ಲರ್ ಆದವನು ಯೋಚನೆ ಮಾಡಬಾರದು ಎಂದು ಅವರೇ ಹೇಳಿಕೊಟ್ಟಿದ್ದರು. ಒಂದು ಹೊಡೆದೆ.

ಠಣ್.

ಎದ್ದು ಕೈ ತೊಳೆಯಬೇಕು ಎಂದು ಭಾವ ಮೈನ್ಸಿನವರಿಗೆ ಮೊದಲೇ ಹೇಳಿಕೊಟ್ಟದ್ದು ಒಬ್ಬರಿಗೂ ನೆನಪಾಗಲಿಲ್ಲ. ಮೂವತ್ತು ಕೈಗಳು ಇದ್ದಲ್ಲೇ ನಿಂತವು. ಕೆಲವು ಎಲೆಯ ಮೇಲೆ, ಕೆಲವು ದಾರಿಯಲ್ಲಿ. ಮುನಿರಾಜಣ್ಣನ ಬಾಯಿ ತೆರೆದಿತ್ತು, ಮುದ್ದೆ ಒಂದು ಇಂಚು ದೂರದಲ್ಲಿತ್ತು. ಮಾತೂ ನಿಂತಿತು. ಕೇಜು ನಡುದಾರಿಯಲ್ಲಿ ನಿಂತರೆ ಒಳಗಿನ ಆಳು ಉಸಿರೆತ್ತಬಾರದು, ಮೇಲೆ ಹಗ್ಗದ ಕಡೆ ಕಣ್ಣಿಡಬೇಕು. ಇದು ಅವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ. ಹಾಗಾಗಿ ಮೂವತ್ತು ಜನರೂ ಕತ್ತೆತ್ತಿ ಶಾಮಿಯಾನದ ಮಾಡನ್ನೇ ನೋಡತೊಡಗಿದರು.

ಒಬ್ಬೊಬ್ಬರ ನಡುವೆ ಒಬ್ಬೊಬ್ಬರಂತೆ ಸಿಕ್ಕಿಕೊಂಡಿದ್ದ ಬೀಗರ ಸ್ಥಿತಿ ಯೋಚಿಸಿ. ಬಲಗಡೆಯವ ಕಲ್ಲಾಗಿದ್ದಾನೆ, ಎಡಗಡೆಯವ ಕಲ್ಲಾಗಿದ್ದಾನೆ, ಇಬ್ಬರೂ ಆಕಾಶ ನೋಡುತ್ತಿದ್ದಾರೆ.

“ಯಾಕಣ್ಣ? ಏನಾಯ್ತು?” ಎಂದರು ಕದಿರಪ್ಪನವರು. ಮುನಿರಾಜಣ್ಣ ಬಾಯಿ ಬಿಡಲಿಲ್ಲ, ಬಿಟ್ಟೇ ಇತ್ತು. ಕಣ್ಣು ಮಾತ್ರ ಮೇಲೆ. ಕದಿರಪ್ಪನವರೂ ಮೇಲೆ ನೋಡಿದರು. ಆಮೇಲೆ ತಮ್ಮ ಎಲೆ ನೋಡಿದರು. ಮತ್ತೆ ಮೇಲೆ.

“ಏನ್ಲಾ ಬಿತ್ತು ಮೇಲಿಂದ?”

ಎರಡನೇ ಸಾಲಿನಲ್ಲಿ ಯಾರೋ “ಅಲ್ಲಿ ಬಿತ್ತಂತೆ, ಸಾರ್ಗೆ” ಎಂದರು. ನಮ್ಮ ಕಡೆ ಹಲ್ಲಿಗೆ ಅಲ್ಲಿ ಎಂದೇ ಹೇಳುವುದು. ಮೂರನೇ ಸಾಲಿಗೆ ಹೋಗುವಾಗ ಅದು ಎಲೆಯಿಂದ ಹಂಡೆಗೆ ಬಿದ್ದಿತ್ತು. ಕೊನೆಯ ಸಾಲಿನವರು ಅದು ಉಡವಂತೆ, ಬೇಯಿಸಿಯೇ ಹಾಕಿದ್ದಂತೆ ಎಂದು ಬಾಯಿ ಮುಕ್ಕಳಿಸುತ್ತಿದ್ದರು. ಒಬ್ಬ ಹೆಂಗಸು “ದೇವುಡಾ!” ಎಂದು ಮಗುವಿನ ಬಾಯಿಗೆ ಬೆರಳು ಹಾಕಿ ಕೈಮ ಉಂಡೆ ಹೊರಗೆ ತೆಗೆದಳು. ಮಗು ಅದನ್ನು ಕಿತ್ತುಕೊಂಡು ಮತ್ತೆ ಬಾಯಿಗೆ ಹಾಕಿಕೊಂಡಿತು.

ಸಾಯಿಕುಮಾರ್ ಗಣಿಯಲ್ಲಿ ಇದ್ದವರಲ್ಲ, ಅವರು ಕಲ್ಲಾಗಿರಲಿಲ್ಲ. ಇಂಥ ಹೊತ್ತಿಗಾಗಿ ಎಂಟು ವರ್ಷದಿಂದ ಕಾಯುತ್ತಿದ್ದವರು. “ಯಾರೂ ಮುಟ್ಟಬಾರದು! ಸ್ಯಾಂಪಲ್ ತೆಗೀಬೇಕು, ಮಹಜರು ಆಗ್ಬೇಕು!” ಎಂದು ಕೂಗಿ, ತಮ್ಮ ಎಲೆಯಲ್ಲಿದ್ದ ಸ್ಯಾಂಪಲ್ಲನ್ನು ಪೂರ್ತಿ ತಿಂದು ಮುಗಿಸಿದರು.

ಕದಿರಪ್ಪನವರು ಮೂಳೆಯನ್ನು ಎಲೆಗೆ ಹಾಕಿ ಎದ್ದು ನಿಂತರು.

“ಏಳ್ರಲಾ ಎಲ್ಲಾ! ನಡೀರಿ ಬಸ್ ತಾವ!”

ಅರ್ಧ ಪಂಕ್ತಿ ಎದ್ದಿತು. ಅಕ್ಕ ಸೌಟು ಹಿಡಿದೇ ಓಡಿ ಬಂದಳು. “ಅಣ್ಣಾ, ನಿಮ್ ಕಾಲಿಗೆ ಬೀಳ್ತೀನಿ, ಅಲ್ಲೀನೂ ಇಲ್ಲ ಏನೂ ಇಲ್ಲ. ಎಲೆ ಬಿಟ್ಟು ಏಳ್ಬೇಡಿ ಅಣ್ಣಾ!” ಚಂದನ ಗಂಡನ ಪಕ್ಕದಲ್ಲಿ ಎದ್ದು ನಿಂತಿದ್ದಳು. ಅಳುತ್ತಿರಲಿಲ್ಲ. ಅಪ್ಪನನ್ನೇ ನೋಡುತ್ತಿದ್ದಳು.

ಆಗ ಭಾವ ಬಾಯಿ ಬಿಟ್ಟರು. ಬಿಡಬಾರದಾಗಿತ್ತು.

“ಬೀಗ್ರೇ, ಕೂತ್ಕಳ್ಳಿ! ಏನೂ ಬಿದ್ದಿಲ್ಲ. ಇದು ಪ್ರೋಟೋಕಾಲು. ಯುರೋಪ್ನಾಗೆ ದೊಡ್ ದೊಡ್ ಅರಮನೆಯಾಗೆಲ್ಲ ಇಂಗೇ ಮಾಡ್ತಾರೆ. ಮನೆ ಯಜಮಾನ ಚಮಚ ಇಟ್ಟ ಅಂದ್ರೆ ಎಲ್ರೂ ಉಣ್ಣೋದು ನಿಲ್ಲಿಸ್ಬೇಕು.”

ಕದಿರಪ್ಪನವರು ಈ ಮಾತನ್ನು ನಿಧಾನವಾಗಿ ಅಗಿದರು.

“ಅಂದ್ರೆ… ನಾವು ಉಂಡಿದ್ದು ಜಾಸ್ತಿ ಆಯ್ತು, ಸಾಕು ಮಾಡ್ರಿ ಅಂತ ಗಂಟೆ ಒಡೆಸಿದ್ರಾ?”

ಹಲ್ಲಿಯನ್ನಾದರೂ ಕ್ಷಮಿಸಬಹುದಿತ್ತು. ಇದಕ್ಕೆ ಕ್ಷಮೆ ಎಲ್ಲಿದೆ? ಅದುವರೆಗೆ ಕುಳಿತಿದ್ದ ಅರ್ಧ ಪಂಕ್ತಿಯೂ ಎದ್ದಿತು. “ಮನೆಗೆ ಕರೆಸಿ, ಎಲೆ ಹಾಕಿ, ಮೂಳೆ ಬಾಯಿಗಿಟ್ಟಾಗ ಗಂಟೆ! ಅಂಬರೀಸ, ನಿನ್ ಎಂಡ್ತೀನ ಕರ್ಕಂಡು ಬತ್ತೀಯೋ, ಬಿಟ್ ಬತ್ತೀಯೋ, ನೀನೇ ಯೋಚ್ನೆ ಮಾಡು. ಅಮ್ಮಾ, ಏಳು, ಓಗಾಣ.”

ಅಮ್ಮಾಜಮ್ಮ ಏಳಲಿಲ್ಲ.

ಆಗಲೇ ನಾವೆಲ್ಲ ಗಮನಿಸಿದ್ದು. ಮುದುಕಿಯ ಬಲಗೈ ಎಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತ್ತು. ಬೆರಳುಗಳಲ್ಲಿ ಸಾರಿಗೆ ಅದ್ದಿದ ಮುದ್ದೆಯ ತುತ್ತು. ಗಂಟೆ ಹೊಡೆದಾಗಿನಿಂದ ಆ ಕೈ ಅಲ್ಲಾಡಿರಲಿಲ್ಲ. ಇಡೀ ಕಾಮಸಮುದ್ರದ ಕಡೆಯಲ್ಲಿ ಕಲ್ಲಾಗಿದ್ದವರು ಅವರೊಬ್ಬರೇ.

“ಅಮ್ಮಾ, ಏಳು ಅಂದೆ.”

“ಎಂಗೆ ಏಳ್ಲಿ? ಒಂದು ಒಡೆದೌರಲ್ಲಾ” ಎಂದರು ಅಮ್ಮಾಜಮ್ಮ. “ಎರಡು ಬೀಳ್ಲಿ, ಆಮೇಕೆ ನೋಡಾಣ.”

“ಅವ್ರ ಗಂಟೆಗೂ ನಿನ್ಗೂ ಏನಮ್ಮ ಸಂಬಂಧ?”

ಮುದುಕಿ ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಏನ್ ಸಂಬಂಧಾನಾ? ನಿಮ್ಮಪ್ಪ ಇದೇ ಗಂಟೆ ಕೇಳ್ಕಂಡು ಅನ್ನೊಂದು ವರ್ಷ ಈ ಶಾಫ್ಟ್ನಾಗೆ ಇಳಿದೌನೆ. ಆ ಕೂಲಿಯಾಗೇ ಕಾಮಸಮುದ್ರದಾಗೆ ನೆಲ ತಗಂಡಿದ್ದು. ನೀನು ಉಟ್ಟಿದ್ದೇ ಅಗೋ, ಆ ಎರಡ್ನೇ ಲೈನ್ನಾಗೆ, ಕೊನೇ ಮನೆಯಾಗೆ. ಚಡ್ಡಿ ಜಾರುಸ್ಕಂಡು ಶಾಫ್ಟ್ ತಾವ ನಿಂತ್ಕಂಡು ದಿನಾ ಗಂಟೆ ಎಣಿಸ್ತಿದ್ದೋನು ನೀನೇ ಅಲ್ವೇನ್ಲಾ? ಬಿಲದೋರಂತೆ ಬಿಲದೋರು!”

ಕದಿರಪ್ಪನವರ ಜರಿ ಶಲ್ಯ ಹೆಗಲಿಂದ ಜಾರಿತು. ಅವರ ಕಡೆಯ ಹುಡುಗರು ದೊಡ್ಡಪ್ಪನ ಮುಖವನ್ನು ಹೊಸದಾಗಿ ನೋಡಿದರು. ಈ ಸಂಗತಿ ಅವರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕದಿರಪ್ಪನವರು ನಲವತ್ತು ವರ್ಷ ಮಾತಾಡಿದ್ದೇ ಇದು ಗೊತ್ತಾಗದಿರಲಿ ಎಂದು ಇರಬೇಕು.

ಅಮ್ಮಾಜಮ್ಮ ಈಗ ಚಂದನಳ ಕಡೆ ತಿರುಗಿದರು, ಕೈ ಮಾತ್ರ ಹಾಗೆಯೇ ಇತ್ತು. “ಕೇಳಮ್ಮ ಮಗಳೇ. ಆಗ ಎಂಗಸ್ರು ಮುದ್ದೆಗೆ ಇಟ್ಟು ತೊಳಸ್ತಾ ಇರ್ತಿದ್ವಿ. ಶಾಫ್ಟ್ ತಾವ ಒಂದು ಬಿತ್ತು ಅಂದ್ರೆ ಕೇಜು ನಿಂತದೆ ಅಂತ. ಯಾವ ಮನೆಯೋನು ಒಳಗವ್ನೋ ಗೊತ್ತಿಲ್ಲ. ಇಡೀ ಲೈನ್ನಾಗೆ ಒಂದು ಕೋಲೂ ಆಡ್ತಿರ್ಲಿಲ್ಲ. ಮತ್ತೆ ಎರಡು ಬೀಳೋವರ್ಗೂ ಯಾರೂ ತುತ್ತು ಎತ್ತುತಿರ್ಲಿಲ್ಲ. ಕಂಡೋರ ಗಂಡಂಗಾಗಿ ನಾವೆಲ್ಲ ಉಪಾಸ ನಿಂತ್ಕಂತಿದ್ವಿ. ಇದ್ಕಿಂತ ಮರ್ವಾದೆ ಯಾವ ರಾಣಿ ಮನೆಯಾಗೈತೆ? ನಿಮ್ಮಪ್ಪ ಅದ್ನ ಟಿವಿಯಾಗೆ ನೋಡ್ಕಂಡು ಮಾಡ್ತೌನೆ, ಪಾಪ.”

ಮುನಿರಾಜಣ್ಣನ ಕಣ್ಣಿನಿಂದ ನೀರು ಇಳಿದು ತೆರೆದ ಬಾಯಿಗೇ ಹೋಯಿತು. ಭಾವ ಬಿದ್ದ ಚಮಚವನ್ನು ನೋಡುತ್ತ ನಿಂತಿದ್ದರು. ಚಂದನ ತಲೆ ಎತ್ತಿದ್ದಳು. ಮದುವೆಯ ದಿನ ತಗ್ಗಿಸಿದ ತಲೆ ಅದು.

“ಜೈರಾಮಪ್ಪ, ಕೈ ನೋಯ್ತದೆ ಕಣಪ್ಪ. ಎರಡು ಒಡಿ. ಉಣ್ಣಾಣ” ಎಂದರು ಅಮ್ಮಾಜಮ್ಮ.

ನಾನು ಕೋಲು ಎತ್ತಿದೆ. ಭಾವ ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು. ಬಟ್ಲರ್ ಕೆಲಸದಿಂದ ನನ್ನನ್ನು ವಜಾ ಮಾಡಿದ್ದು ಹಾಗೆ. ಪಂಚೆ ಕೊಡವಿ, ಬೆನ್ನು ನೆಟ್ಟಗೆ ಮಾಡಿ, ಶಾಫ್ಟಿನ ಬಾಯಿಯಲ್ಲಿ ನಿಂತಿದ್ದಂತೆ ನಿಂತು, ಅವರೇ ಹೊಡೆದರು.

ಠಣ್, ಠಣ್.

ಅಮ್ಮಾಜಮ್ಮನ ತುತ್ತು ಬಾಯಿಗೆ ಹೋಯಿತು. ಮುನಿರಾಜಣ್ಣನ ಮುದ್ದೆ ಗುಳುಕ್ಕೆಂದು ಇಳಿಯಿತು. ಮೂವತ್ತು ಕೈ ಆಡಿದವು. ಮುದುಕಿ ಉಣ್ಣುವುದನ್ನು ನೋಡಿ ಬೀಗರು ಒಬ್ಬೊಬ್ಬರಾಗಿ ಕುಳಿತರು. ಕೊನೆಯಲ್ಲಿ ನಿಂತಿದ್ದವರು ಕದಿರಪ್ಪನವರೊಬ್ಬರೇ. ಅಕ್ಕ ಅವರ ಎಲೆಯನ್ನು ತೆಗೆದು ಹೊಸ ಎಲೆ ಹಾಸಿ, ಬಿಸಿ ಮುದ್ದೆ ಇಟ್ಟು, ಎರಡು ನಲ್ಲಿಮೂಳೆ ಮತ್ತೆ ಹಾಕಿ, “ಕೂತ್ಕಳ್ಳಿ ಅಣ್ಣ. ಉಟ್ಟಿದ ಮನೆ ಇದ್ದಂಗೆ” ಎಂದಳು.

ಕುಳಿತರು. ನಾಲ್ಕು ಮುದ್ದೆ ಉಂಡರು. ಪ್ರೋಟೋಕಾಲಿನ ಪ್ರಕಾರ ಮೂರನೆಯದಕ್ಕೆ ಮೌನವಿರಬೇಕಿತ್ತು. ಅವರು ನಾಲ್ಕಕ್ಕೂ ಮೌನವಾಗಿದ್ದರು. ಆದರೆ ಏಳುವಾಗ ಬಂದ ತೇಗು ಎರಡನೇ ಲೈನಿಗೂ ಕೇಳಿ, ಅಕ್ಕ ಒಲೆಯ ಮುಂದೆ ನಿಂತು ಕೈ ಮುಗಿದಳು. ಸಾಯಿಕುಮಾರ್ ಎರಡನೇ ಪಂಕ್ತಿಯಲ್ಲೂ ಕುಳಿತು ಇನ್ನೊಂದು ಸ್ಯಾಂಪಲ್ ತೆಗೆದುಕೊಂಡರು.

ಕೈ ತೊಳೆಯುವ ಹತ್ತಿರ ಭಾವ ನನ್ನ ಭುಜ ಹಿಡಿದು ಪಕ್ಕಕ್ಕೆ ಕರೆದರು. ಎದೆ ಎರಡು ಅಂಗುಲ ಉಬ್ಬಿತ್ತು. “ನೋಡ್ದೇನ್ಲಾ ರವಿ? ಆ ಪದ್ಧತಿ ನಮ್ ಲೈನ್ದು. ಯುರೋಪ್ನೋರು ನಮ್ ಗಣಿ ನಡೆಸಾಕೆ ಬಂದಿದ್ರಲ್ಲ, ಆವಾಗ ನೋಡ್ಕಂಡು ಓಗೌರೆ.” ಇದಕ್ಕೆ ಆಧಾರ ಕೇಳುವಷ್ಟು ಧೈರ್ಯ ನನಗಿರಲಿಲ್ಲ, ಕೇಳುವ ಮನಸ್ಸೂ ಇರಲಿಲ್ಲ. ನನ್ನ ಭಾವ ಅವತ್ತು ನನಗೂ ರಾಜನಂತೆಯೇ ಕಂಡರು.

ನಾಲ್ಕು ಗಂಟೆಗೆ ಬಸ್ಸು ಹೊರಟಿತು. ಹೊರಡುವ ಮುಂಚೆ ಅಮ್ಮಾಜಮ್ಮ ಮೊಮ್ಮಗನ ಕೈ ಹಿಡಿದು ಎರಡನೇ ಲೈನಿನ ಕೊನೆಯ ಮನೆವರೆಗೆ ಹೋಗಿ ಬಂದರು. ಕದಿರಪ್ಪನವರು ಬರುವುದಿಲ್ಲ ಎಂದರು, ಆಮೇಲೆ ಹಿಂದೆಯೇ ಹೋದರು. ಚಂದನ ಅಮ್ಮನನ್ನು ತಬ್ಬಿಕೊಂಡು, ಅಪ್ಪನ ಕಾಲು ಮುಟ್ಟಿ, ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತಳು. ಭಾವನಿಗೆ ಮಗಳಿಗೆ ಹೇಳಬೇಕಾದ ಮಾತು ಬಹಳ ಇತ್ತು. ಅವರು ಶಾಮಿಯಾನದ ಕೆಳಗಿನಿಂದ ಗಂಟೆ ತಂದು, ಅಂಗಳದಲ್ಲಿ ಎತ್ತಿ ಹಿಡಿದು, ಮೂರು ಹೊಡೆದರು.

ಠಣ್, ಠಣ್, ಠಣ್.

ಮೈನ್ಸಿನವರೆಲ್ಲ ದಾರಿ ಬಿಟ್ಟು ಎರಡು ಕಡೆ ನಿಂತರು. ಡ್ರೈವರು ಕಾಮಸಮುದ್ರದ ಹುಡುಗ, ಅವನಿಗೆ ಏನೂ ಅರ್ಥವಾಗದೆ ಗೇರು ಹಾಕಿ ಜೋರಾಗಿ ಎಳೆಯಲು ಹೊರಟ. ಆಗ ಬಸ್ಸಿನ ಒಳಗಿನಿಂದ ಕದಿರಪ್ಪನವರ ದನಿ ಇಡೀ ಲೈನಿಗೆ ಕೇಳಿಸಿತು.

“ಏಯ್, ನಿಧಾನಕ್ಕೆ ಓಡ್ಸಲಾ! ಮೂರು ಒಡೆದೌರೆ, ಕೇಳಿಸ್ಲಿಲ್ವಾ? ಒಳಗೆ ಮನುಸ್ರು ಅವ್ರೆ.”